ಹನ್ನೊಂದರಲ್ಲಿ ಏಳು ಹುಂಜ

ದುಂಡನೆಯ ಮೊಟ್ಟೆಯಲ್ಲಿ ಹೇಂಟೆ, ತುದಿ ಚೂಪಾದ ಮೊಟ್ಟೆಯಲ್ಲಿ ಹುಂಜ ಎಂದು ನನ್ನ ಅತ್ತೆ ಹೇಳಿದ್ದರು. ಕಳೆದ ವರ್ಷ ಶಿವರಾತ್ರಿ ಮುಗಿದ ವಾರ ನಮ್ಮ ಹೇಂಟೆ ಕೆಂಚಿ ಕಾವಿಗೆ ಕುಳಿತಾಗ ಮೊಟ್ಟೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಉರುಳಿಸಿ ನೋಡಿದೆ. ದುಂಡಗೆ ಕಂಡ 13 ಮೊಟ್ಟೆಗಳನ್ನು ಆರಿಸಿ, ಬಿದಿರು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಟ್ಟೆ. 21ನೆಯ ದಿನ 11 ಮರಿಗಳು ಹೊರಬಂದವು. ಎರಡು ತಿಂಗಳು ತುಂಬುವ ಹೊತ್ತಿಗೆ ಅವುಗಳಲ್ಲಿ ಏಳರ ಜುಟ್ಟು ಕೆಂಪೇರಿತ್ತು.

ಮೊಟ್ಟೆಯ ಆಕಾರಕ್ಕೂ ಒಳಗಿನ ಮರಿಗೂ ಸಂಬಂಧವಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ನಿರ್ಧಾರವಾಗುತ್ತದೆ, ಕೋಳಿಗಳಲ್ಲಿ ತಾಯಿಯ ಕಡೆಯಿಂದ. ನಾವು ಮೊಟ್ಟೆಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಆ ತೀರ್ಮಾನ ಮುಗಿದಿರುತ್ತದೆ. ಲೆಕ್ಕ ಅರ್ಧಕ್ಕರ್ಧ. ಒಂದು ಸಲ ಏಳು ಬಂದರೆ ಇನ್ನೊಂದು ಸಲ ನಾಲ್ಕು ಬರಬಹುದು, ಆದರೆ ಕಾವಿಗೆ ಇಟ್ಟವರ ಮನೆಗೆ ಹುಂಜ ಬಂದೇ ಬರುತ್ತದೆ. ಇದನ್ನು ನಾನು ಮೊದಲೇ ಯೋಚಿಸಬೇಕಾಗಿತ್ತು. ಯೋಚಿಸಿರಲಿಲ್ಲ.

ನಮ್ಮ ಮನೆ ಇರುವುದು ಚಿತ್ತಾಪುರದ ಅಂಚಿನಲ್ಲಿ. ಹಿತ್ತಲು ದೊಡ್ಡದಲ್ಲ. ಶಹಾಬಾದ ಕಲ್ಲು ಹಾಸಿದ ಅಂಗಳ, ಒಂದು ಬೇವು, ಒಂದು ನುಗ್ಗೆ, ಉಳಿದ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕೋಳಿಗೂಡು. ಹಳೆಯ ಹೇಂಟೆಗಳು ಆರು, ಎಲ್ಲವೂ ಜವಾರಿ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಬರೀ ತಿನ್ನುವ ಮೊಟ್ಟೆಗಾದರೆ ಆ ಒಂದೂ ಬೇಕಿಲ್ಲ. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಅದರಿಂದ ಮರಿಯಾಗುವುದಿಲ್ಲ, ಅಷ್ಟೆ. ನಮ್ಮ ಹಳೆಯ ಹುಂಜ ಆ ವರ್ಷದ ಮೇ ತಿಂಗಳ ಬಿಸಿಲಿಗೆ ಸತ್ತಿತ್ತು. ಹೊರಗೆ 43 ಡಿಗ್ರಿ, ಕಲ್ಲಿನ ಮೇಲೆ ಬರಿಗಾಲಿಡಲು ಆಗದ ಮಧ್ಯಾಹ್ನ, ಬೇವಿನ ಬುಡದಲ್ಲಿ ರೆಕ್ಕೆ ಬಿಡಿಸಿ ಮಲಗಿದ್ದು ಮತ್ತೆ ಏಳಲಿಲ್ಲ. ಹಾಗಾಗಿ ಒಂದು ಹುಂಜಕ್ಕೆ ಜಾಗವಿತ್ತು. ಏಳಕ್ಕೆ ಇರಲಿಲ್ಲ.

ಮರಿಗಳನ್ನು ಸಾಕುವಾಗ ಗಂಡು ಯಾವುದು ಹೆಣ್ಣು ಯಾವುದು ಎಂದು ಭೇದ ಮಾಡಿದವಳಲ್ಲ. ಏಳನೆಯ ದಿನ ಕೊಕ್ಕರೆ ರೋಗ ತಡೆಯುವ ಲಸೋಟಾ ಲಸಿಕೆಯ ಹನಿಯನ್ನು ಪ್ರತಿಯೊಂದರ ಕಣ್ಣಿಗೂ ನಾನೇ ಬಿಟ್ಟೆ, ಎಂಟನೆಯ ವಾರ ಚುಚ್ಚುಮದ್ದು ಹಾಕಿಸಿದೆ. ಜೋಳದ ನುಚ್ಚು, ತೊಗರಿಯ ಹೊಟ್ಟು, ಬೇಸಿಗೆಯಲ್ಲಿ ಮಡಕೆಯ ನೀರು. ಹನ್ನೊಂದರಲ್ಲಿ ಒಂದನ್ನೂ ಗಿಡುಗಕ್ಕೆ ಬಿಡಲಿಲ್ಲ. ಒಂಬತ್ತು ವರ್ಷದ ಮಗಳು ಎಲ್ಲಕ್ಕೂ ಹೆಸರಿಟ್ಟಳು. ಹುಂಜಗಳ ಕುತ್ತಿಗೆಯ ಗರಿಗಳು ತುದಿ ಚೂಪಾಗಿ ಹೊಳೆಯತೊಡಗಿದಾಗ ಒಂದಕ್ಕೆ ಕೆಂಡ, ಒಂದಕ್ಕೆ ಬಾದಶಹ, ಮೈಮೇಲೆ ಬಿಳಿ ಮಚ್ಚೆಯಿದ್ದುದಕ್ಕೆ ಚುಕ್ಕಿ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಜುಲೈನಲ್ಲಿ ಕೂಗು ಆರಂಭವಾಯಿತು. ಮೊದಲು ಒಡೆದ ದನಿ, ವಾರದೊಳಗೆ ಪೂರ್ಣ ಕೂಗು, ಅದೂ ಮೂರೂವರೆಗೆ. ಪಕ್ಕದ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಅವರು ದೂರಲಿಲ್ಲ, ಆದರೆ ಏಳು ಹುಂಜ ಕೂಗಿದ ಮರುಗಳಿಗೆಗೆ ಗೋಡೆಯಾಚೆ ಕೂಸು ಅಳುವುದು ನನಗೆ ಕೇಳಿಸುತ್ತಿತ್ತು. ಗೂಡಿಗೆ ದಪ್ಪ ಗೋಣಿಚೀಲ ಹೊದಿಸಿ ಕತ್ತಲು ಮಾಡಿ ನೋಡಿದೆ. ಪ್ರಯೋಜನವಾಗಲಿಲ್ಲ. ಬೆಳಗು ಕಾಣದ ಕೋಣೆಯಲ್ಲಿಟ್ಟರೂ ಹುಂಜ ತನ್ನ ಮೈಯೊಳಗಿನ ಗಡಿಯಾರದ ಪ್ರಕಾರವೇ ಕೂಗುತ್ತದೆ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದಾರೆ. ಗುಂಪಿನಲ್ಲಿ ಬಲಿಷ್ಠವಾದುದು ಮೊದಲು ಕೂಗುತ್ತದೆ, ಉಳಿದವು ಅದರ ಹಿಂದೆ ಸರದಿಯಂತೆ ಕೂಗುತ್ತವೆ ಎಂಬುದನ್ನೂ ಅವರೇ ಕಂಡುಕೊಂಡರು. ನಮ್ಮ ಹಿತ್ತಲಲ್ಲಿ ಮೊದಲ ಕೂಗು ಬಾದಶಹನದು.

ಕೂಗನ್ನಾದರೂ ಸಹಿಸಬಹುದಿತ್ತು. ಕೆಂಚಿಯ ಬೆನ್ನನ್ನು ನೋಡಲಾಗಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಹೇಂಟೆಗಳು ಕಾಳಿಗೆ ಬರುವ ಬದಲು ಓಡಿ ಅಡಗುತ್ತಿದ್ದವು. ಒಂದು ಹುಂಜ ಇಳಿಯುವುದರೊಳಗೆ ಇನ್ನೊಂದು ಏರುತ್ತಿತ್ತು, ಮೂರನೆಯದು ಜುಟ್ಟು ಕಚ್ಚಿ ಹಿಡಿದಿರುತ್ತಿತ್ತು. ಒಂದು ದಿನ ಕೆಂಚಿ ಒರಳುಕಲ್ಲಿಗೂ ಗೋಡೆಗೂ ನಡುವಿನ ಗೇಣಗಲದ ಸಂದಿಯಲ್ಲಿ ತಲೆ ತೂರಿಸಿ ನಿಂತಿತ್ತು. ಎತ್ತಿಕೊಂಡು ನೋಡಿದೆ. ಬೆನ್ನಿನ ಗರಿಗಳೆಲ್ಲ ಉದುರಿ ಚರ್ಮ ಕೆಂಪಗಿತ್ತು, ರೆಕ್ಕೆಯ ಬುಡದಲ್ಲಿ ಉಗುರು ಸೀಳಿದ ಗಾಯ, ಅದರ ಮೇಲೆ ಎರಡು ನೊಣ. ಅರಿಸಿನ ಎಣ್ಣೆ ಹಚ್ಚುವಾಗ ಅದು ಕೊಸರಾಡಲಿಲ್ಲ. ನನ್ನ ತೋಳಿನ ಮೇಲೆ ಕತ್ತು ಚಾಚಿ ಕಣ್ಣು ಮುಚ್ಚಿತು. ಅಂದು ಕಚೇರಿಗೆ ತಡವಾಗಿ ಹೋದೆ. ಈ ಹನ್ನೊಂದನ್ನೂ 21 ದಿನ ಒಂದೇ ಹೊತ್ತು ಕಾಳು ತಿಂದು ಕಾವು ಕೊಟ್ಟವಳು ಅವಳು.

ಅಷ್ಟರಲ್ಲಿ ಶ್ರಾವಣ ಹತ್ತಿರವಾಗಿತ್ತು. ಶಿವರಾತ್ರಿಗೆ ಕಾವಿಗಿಟ್ಟರೆ ಹುಂಜಗಳು ಬಲಿಯುವುದು ಸರಿಯಾಗಿ ಶ್ರಾವಣಕ್ಕೆ. ಆ ತಿಂಗಳು ನಮ್ಮ ಕಡೆ ಅರ್ಧ ಊರು ಮಾಂಸ ಮುಟ್ಟುವುದಿಲ್ಲ, ಸಂತೆಯಲ್ಲಿ ಕೋಳಿ ಕೇಳುವವರು ಇರುವುದಿಲ್ಲ. ಜವಾರಿ ಹುಂಜಕ್ಕೆ ಬೇರೆ ದಿನಗಳಲ್ಲಿ ಎಂಥ ಬೇಡಿಕೆ ಇರುತ್ತದೆ ಎಂದು ಬಲ್ಲವರಿಗೆ ಗೊತ್ತು.

ಶ್ರಾವಣ ಕೂಡುವ ಮೊದಲೇ ಒಬ್ಬರು ಮನೆಗೆ ಬಂದು ಹುಂಜ ಕೇಳಿದರು. ಹೊಲದಲ್ಲಿ ಮನೆಯಿದೆ, ಹೇಂಟೆಗಳಿವೆ, ಸಾಕಿಕೊಳ್ಳುತ್ತೇನೆ ಎಂದರು. ನೀಳಕಾಲಿನ ಬಾದಶಹನನ್ನೇ ಬೊಟ್ಟು ಮಾಡಿ ತೋರಿಸಿದರು. ದುಡ್ಡು ತೆಗೆದುಕೊಳ್ಳದೆ ಕೊಟ್ಟೆ. ಒಂದು ಒಳ್ಳೆಯ ಮನೆ ಸಿಕ್ಕಿತು ಎಂದು ಮಗಳಿಗೂ ಹೇಳಿದೆ. ತಿಂಗಳೊಳಗೆ ಸುದ್ದಿ ತಿಳಿಯಿತು: ಕಾಲಿಗೆ ಕತ್ತಿ ಕಟ್ಟಿ ಪಂದ್ಯಕ್ಕೆ ಬಿಟ್ಟಿದ್ದರು, ಮೊದಲ ಸುತ್ತಿನಲ್ಲೇ ಹೊಟ್ಟೆ ಸೀಳಿತ್ತು. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಬಾದಶಹನನ್ನು ನನ್ನ ಕೈಯಾರೆ ಎತ್ತಿ ಅವರ ಚೀಲಕ್ಕೆ ಇಳಿಸಿದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಯಾರಿಗಾದರೂ ಕೊಟ್ಟುಬಿಟ್ಟರೆ ಸಾಕು ಎಂದು ಹೊರಟಿದ್ದೆನಲ್ಲ, ಅದು ಹುಂಜದ ಮೇಲಿನ ಕರುಣೆಯಾಗಿರಲಿಲ್ಲ. ಅದರ ಕೊನೆ ನನ್ನ ಕಣ್ಣಿಗೆ ಬೀಳಬಾರದು ಎಂಬ ಆಸೆಯಾಗಿತ್ತು. ಮೊಟ್ಟೆಗಳನ್ನು ಕಾವಿಗೆ ಇಟ್ಟವಳು ನಾನು, ಹಾಗಾಗಿ ಕೊನೆಯನ್ನೂ ನಾನೇ ನೋಡಬೇಕು ಎಂದು ಅಂದು ಗಟ್ಟಿ ಮಾಡಿಕೊಂಡೆ.

ಅದಾದ ಮೇಲೆ ಪಕ್ಕದ ಓಣಿಯ ಅಜ್ಜಿಯೊಬ್ಬರು ದೇವಿಯ ಹರಕೆಗೆ ಒಂದು ಹುಂಜ ಬೇಕೆಂದು ಬಂದರು. ಗುಡಿಯಲ್ಲಾಗಲಿ ಗುಡಿಯ ಆವರಣದಲ್ಲಾಗಲಿ ಬಲಿ ಕೊಡುವುದನ್ನು ನಮ್ಮ ರಾಜ್ಯದಲ್ಲಿ 1959ರ ಕಾಯ್ದೆ ನಿಷೇಧಿಸಿದೆ; ಅದನ್ನು ಹೇಳಿದೆ. ನನ್ನ ಮನಸ್ಸಿನಲ್ಲಿದ್ದ ಕಾರಣ ಇನ್ನೊಂದು. ಜಾತ್ರೆಗೆ ಒಯ್ಯುವ ಹುಂಜ ಕಾಲು ಕಟ್ಟಿಸಿಕೊಂಡು, ತಲೆ ಕೆಳಗಾಗಿ, ಬಿಸಿಲಲ್ಲಿ ಅರ್ಧ ದಿನ ತೂಗಾಡುತ್ತದೆ. ಸಾವಿಗಿಂತ ಆ ಅರ್ಧ ದಿನವೇ ನನಗೆ ಸಹಿಸಲಾಗದ್ದು. ಅಜ್ಜಿ ಬೇಸರಿಸಿಕೊಂಡರು, ಆದರೆ ಮಾತು ಬಿಡಲಿಲ್ಲ. ಈಗಲೂ ಮೊಟ್ಟೆಗೆ ಬರುತ್ತಾರೆ.

ಮುಂದಿನ ಸಲ ಬರೀ ಹೇಂಟೆ ಮರಿಗಳನ್ನೇ ಕೊಂಡು ತಂದರಾಯಿತು ಎಂದು ನಮ್ಮ ಮನೆಯವರು ಹೇಳಿದರು. ಕೇಳಲು ಸುಲಭವಾದ ದಾರಿ. ಆದರೆ ಮೊಟ್ಟೆ ಕೋಳಿಗಳ ಮರಿಕೇಂದ್ರಗಳಲ್ಲಿ ಹೆಣ್ಣನ್ನು ಬೇರ್ಪಡಿಸಿದ ಮೇಲೆ ಗಂಡು ಮರಿಗಳ ಗತಿ ಏನು? ಮೊಟ್ಟೆ ಇಡುವುದಿಲ್ಲ, ಮಾಂಸದ ತಳಿಯಂತೆ ಬೇಗ ಬೆಳೆಯುವುದೂ ಇಲ್ಲ. ಹುಟ್ಟಿದ ದಿನವೇ ಅವುಗಳನ್ನು ಕೊಲ್ಲುವುದು ಜಗತ್ತಿನ ಎಲ್ಲೆಡೆ ನಡೆದುಬಂದಿರುವ ರೂಢಿ. ಜರ್ಮನಿ 2022ರಿಂದ ಅದನ್ನು ನಿಲ್ಲಿಸಿದೆ. ನಾನು ನಾಲ್ಕು ಹೇಂಟೆ ಮರಿ ಕೊಂಡರೆ ಬೇರೆಲ್ಲೋ ಸುಮಾರು ನಾಲ್ಕು ಗಂಡು ಮರಿಗಳ ಮೊದಲ ದಿನವೇ ಕೊನೆಯ ದಿನವಾಗುತ್ತದೆ. ನಮ್ಮ ಹುಂಜಗಳು ಆರು ತಿಂಗಳಾದರೂ ಮಣ್ಣು ಕೆದರಿ, ಧೂಳಲ್ಲಿ ಹೊರಳಾಡಿ, ಬೇವಿನ ನೆರಳಲ್ಲಿ ಬದುಕಿದವು.

ಶ್ರಾವಣ ಮುಗಿಯುವವರೆಗೆ ಹಿತ್ತಲಿನ ಮೂಲೆಯಲ್ಲಿ ಜಾಲರಿ ಕಟ್ಟಿ ಹುಂಜಗಳನ್ನು ಹೇಂಟೆಗಳಿಂದ ಬೇರೆ ಮಾಡಿದೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಹೇಂಟೆಗಳು ಕಣ್ಣಿಗೆ ಬೀಳದಿದ್ದರೆ ಜೊತೆಗೆ ಬೆಳೆದ ಹುಂಜಗಳು ಬಹುಮಟ್ಟಿಗೆ ಶಾಂತವಾಗಿರುತ್ತವೆ. ನಾನು ಮೊದಲು ಬರೀ ಜಾಲರಿ ಕಟ್ಟಿದಾಗ ಆಚೆಯ ಹೇಂಟೆಗಳನ್ನು ನೋಡಿ ರಕ್ತ ಬರುವಂತೆ ಕಚ್ಚಾಡಿದವು. ಜಾಲರಿಗೆ ಗೋಣಿ ಕಟ್ಟಿದ ಮೇಲೆ ಎರಡೇ ದಿನದಲ್ಲಿ ತಣ್ಣಗಾದವು. ಕೆಂಚಿಯ ಬೆನ್ನಿನಲ್ಲಿ ಗರಿಗಳ ಮೊಳಕೆ ಕಾಣಿಸಿಕೊಂಡಿತು. ಆದರೆ ಆರು ಹುಂಜಗಳಿಗೆ ತಿಂಗಳಿಗೆ 20 ಕಿಲೊ ಕಾಳು ಬೇಕಾಯಿತು, ಕೂಗು ನಿಲ್ಲಲಿಲ್ಲ, ಆ ಮೂಲೆಯಲ್ಲಿ ಅವು ಕೆದರಲು ನಾಲ್ಕು ಮಾರು ಮಣ್ಣೂ ಇರಲಿಲ್ಲ. ವರ್ಷಗಟ್ಟಲೆ ಹಾಗೆ ಇಡುವುದು ಸಾಕಣೆಯಲ್ಲ, ಸೆರೆ.

ಒಂದನ್ನಾದರೂ ಉಳಿಸು ಎಂದು ಮಗಳು ಬೇಡಿದಳು. ಉಳಿಸಿಕೊಳ್ಳಬೇಕಾದ ಹುಂಜ ಯಾವುದು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ: ಕೆಂಡ. ಜೋಳ ಚೆಲ್ಲಿದಾಗ ಅದು ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, ಗಂಟಲಲ್ಲಿ ಕುಟ್ ಕುಟ್ ಎಂದು ಕರೆಯುತ್ತಿತ್ತು. ಹೇಂಟೆ ಬಂದು ಆ ಕಾಳನ್ನು ತಿಂದ ಮೇಲೆಯೇ ತಾನು ಮುಟ್ಟುತ್ತಿದ್ದುದು. ಒಳ್ಳೆಯ ಹುಂಜದ ಗುರುತು ಅದು, ಬಣ್ಣವಲ್ಲ, ಗಾತ್ರವಲ್ಲ. ಆದರೆ ಕೆಂಡ ಕೆಂಚಿಯ ಮಗನಾಗಿರಬಹುದು, ಹೊಸ ಹೇಂಟೆಗಳ ಅಣ್ಣ. ಒಂದೇ ರಕ್ತ ಮತ್ತೆ ಮತ್ತೆ ಕೂಡಿದರೆ ಮೊಟ್ಟೆಗಳಲ್ಲಿ ಮರಿಯಾಗುವುದು ಕಡಿಮೆಯಾಗುತ್ತದೆ, ಆದವು ಸೊರಗುತ್ತವೆ. ಗುರುಮಠಕಲ್‌ನಲ್ಲಿರುವ ನನ್ನ ಅಣ್ಣನ ಮನೆಯಲ್ಲೂ ಜವಾರಿ ಕೋಳಿಗಳಿವೆ. ಅವನ ಹುಂಜಕ್ಕೆ ನಮ್ಮದು ಎಂದು ಮಾತಾಯಿತು. ಸೇಡಂ ಮೇಲೆ ಹೋಗುವ ಬಸ್ಸಿನಲ್ಲಿ ಕೆಂಡನ ಬುಟ್ಟಿಯನ್ನು ಮಗಳೇ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬರುವಾಗ ಅದೇ ಬುಟ್ಟಿಯಲ್ಲಿ ಬೂದುಬಣ್ಣದ ಹುಂಜ ಬಂತು. ಅದನ್ನು ಮೂರು ವಾರ ಬೇರೆಯೇ ಇಟ್ಟು, ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಹೇಂಟೆಗಳ ಜೊತೆ ಬಿಟ್ಟೆ.

ಉಳಿದವು ಐದು.

ಗಣೇಶ ಚವತಿ ಮುಗಿದ ಮೇಲಿನ ಭಾನುವಾರ ನಮ್ಮ ಓಣಿಯ ಚಾಚಾನನ್ನು ಕರೆದೆ. ಅರವತ್ತು ದಾಟಿದ ಅವರ ಕೈ ನಡುಗುವುದಿಲ್ಲ. ರಾತ್ರಿ ಕಾಳು ಹಾಕಬೇಡ, ನೀರು ಮಾತ್ರ ಕೊಡು, ಕತ್ತಲಿರುವಾಗಲೇ ಎತ್ತಿಕೋ ಎಂದು ಹೇಳಿದ್ದರು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಿಸುವುದಿಲ್ಲ, ಅಟ್ಟಣಿಗೆಯಿಂದ ಎತ್ತಿದರೂ ಬೆದರುವುದಿಲ್ಲ. ಮೊದಲು ಚುಕ್ಕಿ. ರೆಕ್ಕೆಗಳನ್ನು ಮೈಗೆ ಒತ್ತಿ ಎದೆಗೆ ಹಿಡಿದುಕೊಂಡೆ. ಅದರ ಕಾಲಿನ ಹುರುಪೆಗಳು ನನ್ನ ಮಣಿಕಟ್ಟಿಗೆ ಬೆಚ್ಚಗೆ ತಾಗುತ್ತಿದ್ದವು. ಬೆರಳಿನಡಿ ಎದೆ ಬಡಿದುಕೊಳ್ಳುತ್ತಿತ್ತು, ಅದು ಬೆದರಿಕೆಯ ಬಡಿತವಲ್ಲ, ಯಾವಾಗಲೂ ಅಷ್ಟೇ ಬೇಗ. ಚಾಚಾ ಕತ್ತಿಯನ್ನು ಅದರ ಕಣ್ಣಿಗೆ ಕಾಣದಂತೆ ಹಿಡಿದಿದ್ದರು. ಒಂದನ್ನು ಇನ್ನೊಂದರ ಮುಂದೆ ಕೊಯ್ಯಬಾರದು ಎಂಬುದು ಅವರ ನಿಯಮ. ಬಿಸ್ಮಿಲ್ಲಾ ಎಂದರು. ಒಂದೇ ಎಳೆತ. ಕೋಳಿಯ ಕಣ್ಣು ಮುಚ್ಚುವುದು ಕೆಳಗಿನ ರೆಪ್ಪೆ ಮೇಲೆದ್ದು. ಆ ತೆಳ್ಳನೆಯ ಬಿಳಿಯ ರೆಪ್ಪೆ ನಿಧಾನವಾಗಿ ಏರಿದ್ದನ್ನು ನೋಡಿದೆ. ಆಮೇಲೆ ಮೈ ಜೋರಾಗಿ ಒದ್ದಾಡಿತು. ಜೀವ ಹೋದ ಮೇಲಿನ ಒದ್ದಾಟ ಅದು, ಹೆದರಬೇಡ ಎಂದು ಚಾಚಾ ಹೇಳಿದರು. ನಾನು ಕೈ ಬಿಡಲಿಲ್ಲ. ಅದು ನಿಂತ ಮೇಲೆಯೂ ಸ್ವಲ್ಪ ಹೊತ್ತು ಹಿಡಿದೇ ಇದ್ದೆ.

ಅಂದು ಎರಡು, ಮುಂದಿನ ವಾರ ಎರಡು, ಅದರ ಮುಂದಿನ ವಾರ ಒಂದು. ಪ್ರತಿ ಸಲವೂ ಹಿಡಿದವಳು ನಾನೇ. ಒಂದು ಚಾಚಾನ ಮನೆಗೆ, ಒಂದು ಬಾಣಂತಿಯ ಮನೆಗೆ, ಮೂರು ನಮಗೆ. ಆರು ತಿಂಗಳ ಜವಾರಿ ಹುಂಜದ ಮಾಂಸ ಗಟ್ಟಿ. ಕೊಯ್ದ ತಕ್ಷಣ ಬೇಯಿಸಿದರೆ ರಬ್ಬರಿನಂತಾಗುತ್ತದೆ. ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಸುಟ್ಟ ಕೊಬ್ಬರಿ, ಗಸಗಸೆ, ಈರುಳ್ಳಿ ಅರೆದು ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿದೆ. ಜೋಳದ ರೊಟ್ಟಿಯ ಜೊತೆ ಅತ್ತೆ, ಮನೆಯವರು, ನಾನು ತಿಂದೆವು. ಮಗಳು ತಿನ್ನಲಿಲ್ಲ. ಯಾವ ಹುಂಜ ಎಂದು ಕೇಳಿದಳು, ಮುಚ್ಚಿಡದೆ ಹೇಳಿದೆ. ಬಾದಶಹನ ವಿಷಯವನ್ನೂ ಅಂದೇ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಕೆಂಚಿಯ ಬೆನ್ನು ನೋಡಿ ಬಂದು, ಗರಿ ಪೂರ್ತಿ ಬಂದಿದೆ ಎಂದಳು.

ಈ ಸಲ ಶಿವರಾತ್ರಿಗೆ ಕಾಯಲಿಲ್ಲ. ದೀಪಾವಳಿ ಕಳೆದು ಚಳಿ ಹಿಡಿದಾಗ ಕೆಂಚಿ ಮತ್ತೆ ಕಾವಿಗೆ ಕುಳಿತಿತು. ಈಗ ಇಟ್ಟರೆ ಹುಂಜಗಳು ಬಲಿಯುವುದು ಬೇಸಿಗೆ ಮುಗಿಯುವುದರೊಳಗೆ, ಶ್ರಾವಣಕ್ಕಿನ್ನೂ ದೂರವಿರುತ್ತದೆ. ಇಡುವ ಮೊದಲು ಚಾಚಾನನ್ನೂ ಅಣ್ಣನನ್ನೂ ಕೇಳಿದೆ. ಅವರಿಬ್ಬರೂ ಹೂಂ ಎಂದ ಮೇಲೆ ಆರೇ ಮೊಟ್ಟೆ ಇಟ್ಟೆ, ದುಂಡಗಿದೆಯೋ ಚೂಪಾಗಿದೆಯೋ ನೋಡದೆ. ಬೇರೆ ಹೇಂಟೆಗಳು ಬುಟ್ಟಿಗೆ ಬಂದು ಮೊಟ್ಟೆ ಇಟ್ಟರೆ ಗುರುತು ಸಿಗಲೆಂದು ಮಗಳು ಒಂದೊಂದರ ಮೇಲೂ ಸೀಸದಕಡ್ಡಿಯಿಂದ ತಾರೀಖು ಬರೆದಳು. ಏಳನೆಯ ರಾತ್ರಿ ಮೊಬೈಲ್ ಬೆಳಕಿಗೆ ಹಿಡಿದು ನೋಡಿದೆವು. ಐದರಲ್ಲಿ ಕೆಂಪು ನರಗಳ ಬಲೆ ಕಂಡಿತು, ಒಂದು ಖಾಲಿ.

ಹುಂಜ ಹುಟ್ಟಿದರೆ ಅದಕ್ಕೂ ಹೆಸರಿಡಲೇ ಎಂದು ಕೇಳಿದಳು. ಇಡು ಎಂದೆ.

ಇಂದು ಹದಿನಾರನೆಯ ದಿನ.