ಹಟ್ಟಿಯ ಕಡಸು

ಬೆಳಿಗ್ಗೆಯಿಂದ ನಮ್ಮ ಮಲೆನಾಡು ಗಿಡ್ಡ ತಳಿಯ ಕಡಸು ಒಂದೇ ಸಮನೆ ಕೂಗುತ್ತಿತ್ತು. "ಬೆದೆಗೆ ಬಂದಿದೆ, ದನದ ಡಾಕ್ಟ್ರಿಗೆ ಫೋನ್ ಮಾಡು ಮಗಾ" ಅಂದರು ಅಮ್ಮ.

ಜೆರ್ಸಿ ಇಂಜೆಕ್ಷನ್, ಅಂದರೆ ಆ ವಿದೇಶಿ ತಳಿಯ ಹೋರಿಯ ವೀರ್ಯ ಕೊಡಿಸಿದರೆ ಕರು ಅರ್ಧ ಜೆರ್ಸಿ. ಆ ಕರುವಿಗೂ ಮುಂದೆ ಜೆರ್ಸಿಯನ್ನೇ ಕೊಡಿಸಿದರೆ ಮುಕ್ಕಾಲು. ಹಾಲೇನೋ ಹೆಚ್ಚೀತು. ಆದರೆ ಎರಡೇ ತಲೆಮಾರಿಗೆ ನಮ್ಮ ಮಲೆನಾಡು ಗಿಡ್ಡದ ಪಾಲು ಕಾಲು ಭಾಗಕ್ಕೆ ಇಳಿಯುತ್ತದಲ್ಲ! ಉಡುಪಿಯ ಈ ಜಡಿಮಳೆ, ಗುಡ್ಡೆಯ ಒರಟು ಹುಲ್ಲು ಎಲ್ಲವನ್ನೂ ತಾಳಿಕೊಂಡು ಬಂದ ತಳಿ ಅದು. ಅಜ್ಜಿಯ ಕಾಲದಲ್ಲಿ ಮೇಯುವ ಹಿಂಡಿನಲ್ಲೇ ಹೋರಿ ಇರುತ್ತಿತ್ತು, ಯಾರೂ ಆಯ್ಕೆ ಮಾಡಬೇಕಿರಲಿಲ್ಲ.

ಗಿಡ್ಡ ತಳಿಯದ್ದೇ ಬೇಕು ಎಂದು ಹೇಳಿದ್ದೇನೆ. ಗಬ್ಬ ನಿಂತರೆ ಇನ್ನು ಸುಮಾರು 280 ದಿನ. ಹೆಣ್ಣುಕರುವಾಗಲಿ ಅಂತ ಅಮ್ಮ ಈಗಲೇ ದೇವರಿಗೆ ಕಾಯಿ ಹೇಳಿಕೊಂಡಿದ್ದಾರೆ.