ನಾಲ್ಕು ಬ್ಯಾಟರಿ

"ನಾಯಕತ್ವದ ಬಗ್ಗೆ ಏನಾದ್ರೂ ಬರೆದುಕೊಡಿ ಸಾರ್" ಅಂತ ಕಾಲೇಜಿನ ಸಂಚಿಕೆಯ ಹುಡುಗರು ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ಈಗ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಆರು ಗಂಟೆಗೆ ಕ್ಯಾನು ಹಿಡಿದು ಸಾಲು ನಿಂತವರಿಗೆ ಫ್ಯಾಟ್ ಎಷ್ಟು ಬಂತು ಅಂತ ಹೇಳಿ ಬೈಸಿಕೊಳ್ಳುವುದು ನನ್ನ ಕೆಲಸ. ಆದರೂ ಒಪ್ಪಿಕೊಂಡೆ. ಹೇಳಬೇಕಾದ ಒಂದು ವಿಷಯ ಇಷ್ಟು ವರ್ಷದಿಂದ ಉಳಿದುಬಿಟ್ಟಿತ್ತು.

1998ರ ಡಿಸೆಂಬರ್. ನಾನು ಎರಡನೇ ಬಿ.ಎ. ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಎನ್‌ಎಸ್‌ಎಸ್ ಶಿಬಿರ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯದು, ಏಳು ದಿನ. ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ ಒಂದು ಶಿಬಿರ. ಇದನ್ನೆಲ್ಲ ಮೇಷ್ಟ್ರು ಬಸ್ಸಿನಲ್ಲೇ ಹೇಳಿದ್ದರು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಸೇರಿದ್ದು ಸರ್ಟಿಫಿಕೇಟಿಗೆ, ಸುಳ್ಳು ಯಾಕೆ ಹೇಳಲಿ. ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜಿನಲ್ಲಿ ಕೋಣಾರ್ಕದ ರಥದ ಚಕ್ರ ಇತ್ತು. ದಿನದ 24 ಗಂಟೆಯೂ ಸೇವೆಗೆ ಸಿದ್ಧ ಅಂತ ಅದರ ಅರ್ಥವಂತೆ. ನಾವು ಬೆಳಿಗ್ಗೆ ಐದಕ್ಕೆ ಏಳೋಕೇ ಸಿದ್ಧ ಇರಲಿಲ್ಲ.

ಸರ್ಕಾರಿ ಶಾಲೆಯಲ್ಲಿ ವಾಸ. ಒಂದು ಕೋಣೆ ಹುಡುಗರಿಗೆ, ಒಂದು ಹುಡುಗಿಯರಿಗೆ. ನೆಲಕ್ಕೆ ಹುಲ್ಲು ಹಾಸಿ ಮೇಲೆ ಜಮಖಾನ. ಹಗಲೆಲ್ಲ ಚರಂಡಿ ಎತ್ತುವುದು, ಗಿಡಕ್ಕೆ ಗುಂಡಿ ತೋಡುವುದು. ಕಬ್ಬು ಕಡಿಯುವ ಕಾಲ ಬೇರೆ. ರಾತ್ರಿ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ. ಎರಡು ಸಲ ಕದ್ದು ಹೋಗಿ ಬಿಸಿ ಬೆಲ್ಲ ತಿಂದು ಬಂದಿದ್ದೇವೆ. ಮೇಷ್ಟ್ರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಮೊದಲ ಸಂಜೆ ನಾಯಕ ಯಾರು ಅನ್ನುವ ಮಾತು ಬಂತು. ನಾನು ಕಾಲೇಜು ಕಬಡ್ಡಿ ತಂಡದ ಕ್ಯಾಪ್ಟನ್, ಗಂಟಲು ಜೋರು. ಎಲ್ಲರೂ ನನ್ನ ಕಡೆಯೇ ನೋಡಿದರು. ನಾನೂ ಎದ್ದು ನಿಲ್ಲುವುದಕ್ಕೆ ತಯಾರಾಗಿದ್ದೆ. ಮೇಷ್ಟ್ರು ಮಾತ್ರ ಒಂದು ಲೋಟ ತರಿಸಿ, 40 ಚೀಟಿ ಬರೆದು ಹಾಕಿದರು. "ದಿನಕ್ಕೊಂದು ಚೀಟಿ. ಹೆಸರು ಬಂದವನು ಆವತ್ತಿನ ನಾಯಕ. ರಾತ್ರಿ ದಿನಚರಿ ಓದಬೇಕು. ಉಳಿದವರು ಆದದ್ದನ್ನ ಹೇಳಬೇಕು. ಬೈಯ್ಯೋದು ಬೇಡ, ಹೊಗಳೋದೂ ಬೇಡ."

ಮೊದಲ ದಿನ ಯಾರು ನಾಯಕರಾಗಿದ್ದರೋ ನೆನಪಿಲ್ಲ. ಆವತ್ತು ಅಡುಗೆ ಪಾಳಿ ನಮ್ಮ ಗುಂಪಿನದು ಅನ್ನುವುದು ಮಾತ್ರ ನೆನಪಿದೆ. ಎಸರು ಮರಳಿದ ಕೂಡಲೇ ರಾಗಿ ಹಿಟ್ಟು ಸುರಿದು, ಕೋಲು ಹಿಡಿದು ತಿರುವಲು ನುಗ್ಗಿದವನು ನಾನೇ. ಊರಿನ ಒಬ್ಬ ಅಜ್ಜಿ ಅಡುಗೆಗೆ ನೆರವಾಗಲು ಬರುತ್ತಿತ್ತು. "ತಡ್ಕೊಳ್ಲಾ ಮಗಾ, ಹಿಟ್ಟು ಬೇಯ್ಬೇಕು" ಅಂತ ಕೂಗಿತು. ನಾನು ಕೇಳಲಿಲ್ಲ. ಆವತ್ತಿನ ಮುದ್ದೆ ಮುರಿದರೆ ಒಳಗೆಲ್ಲ ಹಿಟ್ಟಿನ ಗಂಟು. ಬಸ್ಸಾರು ಚೆನ್ನಾಗಿತ್ತು, ಅದರ ದಯೆಯಿಂದ ಎಲ್ಲರೂ ನುಂಗಿದರು.

ಎರಡನೇ ದಿನದ ಚೀಟಿ ಬಂದದ್ದು ಹಾಸ್ಟೆಲಿನ ಒಬ್ಬ ಹುಡುಗನಿಗೆ. ಅವನು ಮಾತಾಡಿದರೆ ಪಕ್ಕದವನಿಗೂ ಕೇಳಿಸುತ್ತಿರಲಿಲ್ಲ. ನಾವು ಹಿಂದೆ ಕೂತು ಕಿಸಕ್ಕನೆ ನಕ್ಕೆವು. ಬೆಳಿಗ್ಗೆ ನೋಡಿದರೆ ಅವನು ಕೂಗಲೇ ಇಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ, ಗುದ್ದಲಿ ಯಾರಿಗೆ, ಬಾಂಡ್ಲಿ ಯಾರಿಗೆ, ಯಾರ ಕೈಗೆ ಬೊಬ್ಬೆ ಬಂದಿದೆ ಅಂತ ನೋಡಿ ಕೆಲಸ ಹಂಚಿದ. ಹನ್ನೊಂದು ಗಂಟೆಗೆಲ್ಲ ಚರಂಡಿ ಮುಗಿದಿತ್ತು. ಇದು ಅದೃಷ್ಟ ಅಂದುಕೊಂಡೆ. ಬೇರೆ ಏನಾದರೂ ಇರಬಹುದು ಅಂತ ಆಗ ಹೊಳೆಯಲಿಲ್ಲ.

ಐದನೇ ದಿನಕ್ಕೆ ನನ್ನ ಹೆಸರು ಬಂತು. ಆವತ್ತೇ ಕುಂತಿ ಬೆಟ್ಟ.

ಮಂಡ್ಯದವರಿಗೆ ಕುಂತಿ ಬೆಟ್ಟದ ಬಗ್ಗೆ ಹೇಳಬೇಕಾಗಿಲ್ಲ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು ಅಂತ ಕಥೆ, ಅದರಿಂದಲೇ ಊರಿಗೆ ಪಾಂಡವಪುರ ಅನ್ನುವ ಹೆಸರು. ಅದಕ್ಕೂ ಮುಂಚೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದರಿಂದ ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಕರೆದರು. ಹೆಸರು ಏನೇ ಇರಲಿ, ಇರುವುದು ಬರೀ ಬಂಡೆ. ಬಂಡೆಗಳ ನಡುವೆ ದಾರಿ ಇದೆ ಅಂದುಕೊಂಡರೆ ಇದೆ, ಇಲ್ಲ ಅಂದರೆ ಇಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಮೇಲಿರಬೇಕು ಅಂತ ನಾಲ್ಕೂವರೆಗೇ ಹೊರಟೆವು. ಮೇಷ್ಟ್ರು ಮಂಡಿ ನೋವು ಅಂತ ಕೆಳಗಿನ ದೇವಸ್ಥಾನದ ಹತ್ತಿರವೇ ಕೂತರು. ನಿಜವಾದ ನೋವೋ ಬೇಕಂತಲೇ ಕೂತರೋ, ಇವತ್ತಿಗೂ ಗೊತ್ತಾಗಲಿಲ್ಲ.

ನಮ್ಮ ಹತ್ತಿರ ನಾಲ್ಕು ಬ್ಯಾಟರಿ ಇದ್ದವು. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಅಂತಲೇ ಹೇಳುವುದು. ಒಂದು ನಾನು ಹಿಡಿದೆ, ಉಳಿದ ಮೂರು ನನ್ನ ಗೆಳೆಯರಿಗೆ ಕೊಟ್ಟೆ. ಕೆಳಗೆ ಎಣಿಸಿದಾಗ 40 ಜನ. "ನನ್ನ ಹಿಂದೆ ಬನ್ನಿ" ಅಂತ ಕೂಗಿ ಹತ್ತಿದೆ. ಮೈಯಲ್ಲಿ ಬಿಸಿ ರಕ್ತ, ಮುಂದೆ ನಾಲ್ಕು ಬೆಳಕು, ಎಲ್ಲಿ ಕಾಲಿಡಬೇಕು ಅಂತ ಚೆನ್ನಾಗಿ ಕಾಣಿಸುತ್ತಿತ್ತು. ಮೇಲೆ ಹೋದಾಗ ಪೂರ್ವ ಇನ್ನೂ ಕೆಂಪಾಗಿರಲಿಲ್ಲ. ನಾನು ತುದಿಯ ಬಂಡೆ ಮೇಲೆ ನಿಂತು ಎಣಿಸಿದೆ. 37.

ಇನ್ನೊಮ್ಮೆ ಎಣಿಸಿದೆ. ಅಷ್ಟೇ.

ಆಮೇಲೆ ಸೂರ್ಯ ಹುಟ್ಟಿದ. ತೊಣ್ಣೂರು ಕೆರೆ ಹೊಳೆಯಿತಂತೆ, ಕಬ್ಬಿನ ಗದ್ದೆ ಮೇಲೆ ಮಂಜು ನಿಂತಿತ್ತಂತೆ. ಇದೆಲ್ಲ ಉಳಿದವರು ಹೇಳಿ ಗೊತ್ತು. ನಾನು ಬಂಡೆ ಬಂಡೆಗೂ ಹೆಸರು ಹಿಡಿದು ಕೂಗುತ್ತ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ, ಎಡಕ್ಕೆ ಹೊರಳಿದ ಒಂದು ಸಂದಿಯಲ್ಲಿ ಮೂವರು ಹುಡುಗಿಯರು ಕೂತಿದ್ದರು. ಒಬ್ಬಳ ಚಪ್ಪಲಿ ಕಿತ್ತುಹೋಗಿ, ಹೆಬ್ಬೆರಳಿನ ಉಗುರು ಎದ್ದಿತ್ತು. ಇನ್ನೊಬ್ಬಳು ದಾವಣಿಯ ಚೂರು ಹರಿದು ಕಟ್ಟುತ್ತಿದ್ದಳು. ಮೂರನೆಯವಳು ಹಾಸ್ಟೆಲ್ ಹುಡುಗನ ಜೊತೆ ಮಾತಾಡುತ್ತಿದ್ದಳು. ಅವನು ಆಗಲೇ ಅಲ್ಲಿದ್ದ, ಕೈಯಲ್ಲಿ ನೀರಿನ ಬಾಟಲಿ. ಮೇಲೆ ಬಂದವರಲ್ಲಿ ಅವನೂ ಒಬ್ಬ. ನಾನು ಎರಡನೇ ಸಲ ಎಣಿಸುತ್ತಿರುವಾಗ ಯಾರಿಗೂ ಹೇಳದೆ ಇಳಿದುಬಿಟ್ಟಿದ್ದನಂತೆ. ಅಂದರೆ ಎರಡನೇ ಲೆಕ್ಕದಲ್ಲಿ 36 ಬರಬೇಕಿತ್ತು. ನನಗೆ ಎಣಿಸುವುದೂ ಸರಿಯಾಗಿ ಬಂದಿರಲಿಲ್ಲ.

ರಾತ್ರಿ ದಿನಚರಿ ಓದಿದೆ. "ಮೂವರು ದಾರಿ ತಪ್ಪಿದರು, ನಾಯಕನು ಹುಡುಕಿ ಕರೆತಂದನು" ಅಂತ ಬರೆದಿದ್ದೆ. ಯಾರೂ ಮಾತಾಡಲಿಲ್ಲ. ಬೆಂಕಿ ಚಟಪಟ ಅನ್ನುತ್ತಿತ್ತು. ಉಗುರು ಎದ್ದ ಹುಡುಗಿ ಕೂತಲ್ಲಿಂದಲೇ ಹೇಳಿದಳು:

"ನಾವು ದಾರಿ ತಪ್ಪಲಿಲ್ಲ. ಬ್ಯಾಟರಿ ನಾಲ್ಕೂ ಮುಂದೆ ಇದ್ದವು."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಮೇಷ್ಟ್ರ ಮುಖ ನೋಡಿದೆ, ಈಗ ಬೈಯ್ಯುತ್ತಾರೆ ಅಂತ. ಅವರು ಹಿಂದಿನ ಸಾಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ, "ದಿನಚರಿ ತಿದ್ದಿ ಕೊಡಪ್ಪ" ಅಂದರು. ಅಷ್ಟೇ.

ತಿದ್ದುವುದಕ್ಕೆ ರಾತ್ರಿ ಒಂದು ಗಂಟೆ ಆಯಿತು. ನಾಲ್ಕು ಸಾಲು ಹೊಡೆದು ಹಾಕಿ ಮತ್ತೆ ಬರೆದೆ. ಕೊನೆಗೆ ಉಳಿದದ್ದು ಅವಳು ಹೇಳಿದ ಮಾತೇ, ಬರೀ ಅದೊಂದೇ ಸಾಲು. ಆರನೇ ದಿನದ ನಾಯಕಿ ಮರುದಿನ ಬೆಳಿಗ್ಗೆ ಆ ಪುಸ್ತಕ ಓದಿದಳು. ಆವತ್ತು ಸಂಜೆ ಊರೊಳಗೆ ಬೀದಿ ನಾಟಕ ಮುಗಿಸಿ ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ವಾಪಸ್ ಬರುವಾಗ, ಒಂದು ಬ್ಯಾಟರಿ ಮುಂದೆ, ಎರಡು ನಡುವೆ. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟು, "ಕೊನೆಗೆ ನೀನು ಬಾ" ಅಂದಳು. ನನ್ನ ಬೆಳಕು ನನ್ನ ಕಾಲಿಗೆ ಬೀಳಲಿಲ್ಲ, ಮುಂದಿನವರ ಕಾಲಿಗೆ ಬಿತ್ತು. ಎರಡು ಸಲ ಕೆಸರಿಗೆ ಜಾರಿದೆ.

ಡೈರಿಯಲ್ಲಿ ಈಗಲೂ ಸಾಲಿನ ಕೊನೆಗೆ ಒಂದು ಸಲ ಹೋಗಿ ಬರುತ್ತೇನೆ. ಅಲ್ಲಿ ಸಾಮಾನ್ಯವಾಗಿ ಅರ್ಧ ಲೀಟರ್ ಹಾಲು ತಂದ ಮುದುಕಿಯೋ, ಸ್ಕೂಲಿಗೆ ಹೊತ್ತಾದ ಹುಡುಗಿಯೋ ಇರುತ್ತಾರೆ. ಹಾಗಂತ ನಾನೇನು ಸಾಧು ಆಗಿಲ್ಲ. ಸಂಘದ ಚುನಾವಣೆ ಬಂದಾಗ ಗಂಟಲು ಇನ್ನೂ ಹಳೆಯದೇ.

ಹೋದ ವರ್ಷ ನಮ್ಮ ಬ್ಯಾಚಿನ ಹನ್ನೊಂದು ಜನ ಮತ್ತೆ ಕುಂತಿ ಬೆಟ್ಟಕ್ಕೆ ಹೋದೆವು. ಈಗ ಎಲ್ಲರ ಫೋನಿನಲ್ಲೂ ಬೆಳಕಿದೆ. ನಾನು ಎಲ್ಲರಿಗಿಂತ ಹಿಂದೆ ಹತ್ತಿದೆ. ನೋಡಿದವರು ಬೇರೆ ಏನೋ ತಿಳಿದುಕೊಂಡಿರಬಹುದು, ನನಗೆ ಮಂಡಿ ನೋವು. ಉಗುರು ಎದ್ದ ಹುಡುಗಿ ಈಗ ಹೈಸ್ಕೂಲ್ ಮೇಡಂ. ಮೇಲಿನ ಬಂಡೆ ಮೇಲೆ ನಿಂತು ಎಣಿಸಿ, ಕೆಳಗೆ ಬಗ್ಗಿ ಕೂಗಿದಳು:

"ಹತ್ತು ಜನ ಬಂದಿದ್ದೀವಿ ಕಣೋ! ನೀನು ಎಲ್ಲಿ ಕೂತಿದ್ದೀಯ?"