ಟ್ರ್ಯಾಪಿನ ದಿನ ಮತ್ತ ಮರುದಿನ
ನಮ್ಮ ಕಾಕಾ ಧಾರವಾಡದಾಗ ಸರ್ಕಾರಿ ಕ್ಲರ್ಕ್ ಇದ್ರು, ಒಮ್ಮೆ ಲೋಕಾಯುಕ್ತ ಟ್ರ್ಯಾಪಿಗೆ, ಅಂದ್ರ ಲಂಚ ತಗೊಳ್ಳಾವ್ನ ತಗೊಳ್ಳೂವಾಗನ ಹಿಡಿಯೂ ಕೆಲಸಕ್ಕ, ಪಂಚ (ಸಾಕ್ಷಿ) ಆಗಿ ಹೋಗಿದ್ರು. ಮೊದ್ಲ ನೋಟಿನ ನಂಬರೆಲ್ಲಾ ಬರ್ಕೊಂಡು, ಫಿನಾಫ್ಥಲೀನ್ ಪುಡಿ ಹಚ್ಚಿ, ದೂರು ಕೊಟ್ಟ ರೈತನ ಕಿಸೆದಾಗ ಇಟ್ಟು, 'ಅವ್ರಾಗೇ ಕೇಳೂತನಾ ಕೊಡಬ್ಯಾಡ್ರಿ, ಕೊಟ್ಟಮ್ಯಾಲೆ ತಲಿ ಸವರ್ಕೊಂಡು ಹೊರಗ ಬರ್ರಿ' ಅಂತ ನಾಕ್ ಸಲ ಹೇಳಿದ್ರಂತ. ಆಮ್ಯಾಲೆ ತಗೊಂಡಾವ್ನ ಬೆರಳು ಸೋಡಿಯಂ ಕಾರ್ಬೊನೇಟ್ ನೀರಾಗ ಅದ್ದಿದ್ರ ನೀರು ಗುಲಾಬಿ ಆಗತೈತಿ.

ಆದ್ರ ಕಾಕಾಗ ನೆನಪುಳಿದದ್ದು ಆ ರೈತನ ಕೈ, ಚಹಾ ಕಪ್ಪು ಹಿಡಿಯಾಕ ಆಗದಂಗ ನಡಗತಿತ್ತಂತ.

ನಂಗನ್ಸೂದು, ಪ್ಲಾನ್ ಮಾಡಬೇಕಾದ್ದು ಆ ಕೈ ನೋಡ್ಕೊಂಡು. ಲಂಚ ಕೇಳಿದ ಸಾಹೇಬ್ರು ದಿಢೀರ್ ಅಂತ 'ಕಾರಿನಾಗ ಕುಂದ್ರು ಬಾ' ಅಂದ್ರ ಏನ್ ಮಾಡೂದು, ಸಿಗ್ನಲ್ ಕಾಣದಿದ್ರ ಹೊರಗಿನ ಟೀಮು ಎಷ್ಟ್ ಹೊತ್ತು ಕಾಯೂದು, ಯಾವಾಗ ಎಲ್ಲಾ ಬಿಟ್ಟು ವಾಪಸ್ ಬರೂದು, ಇದನ್ನ ಮುಂಚೇನ ಮಾತಾಡ್ಕೊಂಡಿರಬೇಕು. ಬಾಜೂಕ ನಿಂತು ಕೇಳಿಸ್ಕೊಳ್ಳಾಕ ಒಬ್ಬ ಸಾಕ್ಷಿ ಇರ್ತಾನ, ಅದು ಭಾಳ ಧೈರ್ಯ.

ಕಾನೂನೂ ಸ್ವಲ್ಪ ಬೆನ್ನಿಗೈತಿ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿ ಪ್ರಕಾರ ಮೊದ್ಲ ಪೊಲೀಸರಿಗೆ ತಿಳಿಸಿ, ಅವ್ರಿಗೆ ಸಹಾಯ ಮಾಡಾಕ ಲಂಚ ಕೊಟ್ಟಾವ್ನ ಮ್ಯಾಲೆ ಲಂಚ ಕೊಟ್ಟ ಕೇಸ್ ಆಗೂದಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣಾ ಯೋಜನೇನೂ ಒಪ್ಪೇತಿ.

ಆದ್ರ ಮರುದಿನ? ಅದೇ ಆಫೀಸಿಗೆ, ಅದೇ ಉತಾರಕ್ಕ (ಹೊಲದ ಪಹಣಿಗೆ) ಆ ರೈತ ಒಬ್ನ ಹೋಗಿ ನಿಂತಿದ್ದ, ಯಾರೂ ಜೊತಿಗಿರಲಿಲ್ಲ ಅಂತ ಕಾಕಾ ಇವತ್ತಿಗೂ ಮರುಗ್ತಾರ.